ಅಡಿಕೆ ಅಂಗಳದಲ್ಲಿ ಕೂತು ಬಿಸಿ ಗುರುವನ್ನು ಹಿಡಿಯುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಬಿಸಿ ಗುರು ಅನ್ನುವ ಈ ಗ್ರಹ ಕಾಣುವುದಿಲ್ಲ. ಎಷ್ಟು ದುಡ್ಡು ಸುರಿದು ಟೆಲಿಸ್ಕೋಪ್ ತಂದರೂ ಅಷ್ಟೇ. ಕಾಣುವುದು ಅದರ ನಕ್ಷತ್ರ. ಗ್ರಹ ಮುಂದೆ ಅಡ್ಡ ಹಾದಾಗ ಆ ನಕ್ಷತ್ರದ ಬೆಳಕು ಮೂರು ಗಂಟೆ ಹೊತ್ತು ಚೂರೇ ಚೂರು ಕಮ್ಮಿಯಾಗುತ್ತದಲ್ಲ, ಅದನ್ನು ಮಾತ್ರ ನಾವು ಹಿಡಿಯಬಹುದು, ಅದೂ ತೀರ್ಥಹಳ್ಳಿ ಕಡೆಯ ಒಂದು ಮನೆ ಅಂಗಳದಿಂದ, ಮದುವೆ ಫೋಟೋ ತೆಗೆಯುವಂಥ ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ. ನನಗೆ ಮೂರನೇ ಸಲಕ್ಕೆ ಸಿಕ್ಕಿತು. ಮೊದಲೆರಡು ಸಲ ಯಾಕೆ ಕೆಟ್ಟಿತು ಅಂತಲೂ ಹೇಳುತ್ತೇನೆ.

ಬಿಸಿ ಗುರು, ಅಂದರೆ ಹಾಟ್ ಜುಪಿಟರ್, ಬೇರೆ ನಕ್ಷತ್ರವನ್ನು ಸುತ್ತುವ, ನಮ್ಮ ಗುರುವಿನಂಥದ್ದೇ ಅನಿಲದ ದೈತ್ಯ. ಆದರೆ ಒಲೆ ಬುಡದಲ್ಲೇ ಕೂತಿರುತ್ತದೆ. ನಮ್ಮ ಗುರು ಸೂರ್ಯನನ್ನು ಒಂದು ಸುತ್ತು ಹಾಕಲು ಸುಮಾರು 12 ವರ್ಷ ಬೇಕು. 51 ಪೆಗಾಸಿ ಅನ್ನುವ ನಕ್ಷತ್ರದ ಗ್ರಹಕ್ಕೆ 4.2 ದಿನ ಸಾಕು. ಅಲ್ಲಿ ಸೋಮವಾರ ಬೆಳಿಗ್ಗೆ ಯುಗಾದಿ ಮಾಡಿದರೆ ಶುಕ್ರವಾರ ಮಧ್ಯಾಹ್ನಕ್ಕೆ ಮತ್ತೆ ಬೇವು-ಬೆಲ್ಲ. ನಕ್ಷತ್ರದಿಂದ ಅದರ ದೂರ ಸುಮಾರು 80 ಲಕ್ಷ ಕಿಲೋಮೀಟರ್. ನಮ್ಮ ಬುಧನೇ ಸೂರ್ಯನಿಂದ 5.8 ಕೋಟಿ ಕಿಲೋಮೀಟರ್ ಆಚೆ ಇದ್ದಾನೆ. 1995ರಲ್ಲಿ ಸ್ವಿಸ್ ಖಗೋಳಜ್ಞರಾದ ಮಿಶೆಲ್ ಮೇಯರ್ ಮತ್ತು ಡಿಡಿಯರ್ ಕ್ವೆಲೋ 51 ಪೆಗಾಸಿಯ ಈ ಗ್ರಹವನ್ನು ಪತ್ತೆ ಮಾಡಿದರು. ಅದಕ್ಕೆ 2019ರಲ್ಲಿ ನೊಬೆಲ್ ಬಂತು.

ಈ ನಕ್ಷತ್ರವನ್ನು ಬರಿಗಣ್ಣಲ್ಲೇ ನೋಡಬಹುದು. ಅಲ್ಲಿಂದಲೇ ಶುರು ಮಾಡಿ. ನವೆಂಬರ್ ಮಧ್ಯಭಾಗ, ಮಳೆ ಪೂರ್ತಿ ಬಿಟ್ಟಿರಬೇಕು, ಚಂದ್ರ ಇರಬಾರದು. ರಾತ್ರಿ 8ರ ಹೊತ್ತಿಗೆ ಅಂಗಳದಲ್ಲಿ ಚಾಪೆ ಹಾಸಿ ಅಂಗಾತ ಮಲಗಿ. ಉತ್ತರಕ್ಕೆ ತಲೆ ಹಾಕಬಾರದು ಅಂತ ಅಜ್ಜಿ ಬೈಯುತ್ತಾರಲ್ವಾ, ಇಲ್ಲಿ ಅದು ಉಪಯೋಗಕ್ಕೇ ಬರುತ್ತದೆ: ದಕ್ಷಿಣಕ್ಕೆ ತಲೆ ಹಾಕಿದರೆ ಎಡಗೈ ಕಡೆ ಪಶ್ಚಿಮ, ಗೊಂದಲವೇ ಇಲ್ಲ. ನೆತ್ತಿಯಿಂದ ಚೂರು ಉತ್ತರಕ್ಕೆ ಒಂದು ದೊಡ್ಡ ಚೌಕ ಕಾಣುತ್ತದೆ. ಪಶ್ಚಿಮದ ಎರಡು ಚುಕ್ಕಿ ಪೂರ್ವಾಭಾದ್ರ, ಪೂರ್ವದ ಎರಡು ಉತ್ತರಾಭಾದ್ರ. ಪೂರ್ವಾಭಾದ್ರದ ಎರಡಕ್ಕೂ ಗೆರೆ ಎಳೆದು, ಹೆಚ್ಚುಕಮ್ಮಿ ನಡುವಿನಿಂದ ಪಶ್ಚಿಮಕ್ಕೆ, ಕೈ ಚಾಚಿ ಹಿಡಿದ ಒಂದು ಬೆರಳಿನಷ್ಟು ಸರಿಯಿರಿ. ಅಲ್ಲಿರುವ ಮಸುಕು ಚುಕ್ಕಿಯೇ 51 ಪೆಗಾಸಿ, ಸುಮಾರು 50 ಜ್ಯೋತಿರ್ವರ್ಷ ದೂರ. ಶಿವಮೊಗ್ಗ ಪೇಟೆಯಿಂದ ನೋಡುವವರಿಗೆ ಬೈನಾಕ್ಯುಲರ್ ಬೇಕಾದೀತು.

ಸುತ್ತ ತೋಟ ಇದ್ದರೂ ಚಿಂತೆಯಿಲ್ಲ, ನೋಡುವುದು ನೆತ್ತಿಯ ಮೇಲೆ ತಾನೆ. ಇದಕ್ಕೋಸ್ಕರ ಕುಂದಾದ್ರಿ, ಕೊಡಚಾದ್ರಿ ಹತ್ತುವ ಹುಚ್ಚು ಬೇಡ. ಗುಡ್ಡದ ಮೇಲೆ ಮಂಜು ಯಾವಾಗ ಕವಿಯುತ್ತದೆ ಹೇಳಲಾಗುವುದಿಲ್ಲ.

51 ಪೆಗಾಸಿಯ ಗ್ರಹ ನಮಗೂ ಅದರ ನಕ್ಷತ್ರಕ್ಕೂ ನಡುವೆ ಅಡ್ಡ ಬರುವುದಿಲ್ಲ. ಹಾಗಾಗಿ ಬೆಳಕು ಅಳೆಯಲು ಬೇರೆ ನಕ್ಷತ್ರ ಬೇಕು: ಎಚ್‌ಡಿ 209458. ಅದೇ ಪೆಗಾಸಸ್ ನಕ್ಷತ್ರಪುಂಜದಲ್ಲಿ, ಚೌಕದಿಂದ ಪಶ್ಚಿಮಕ್ಕಿದೆ. ಬರಿಗಣ್ಣಿಗೆ ಕಾಣುವುದಿಲ್ಲ, ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಆ್ಯಪ್‌ನಲ್ಲಿ ಹೆಸರು ಹೊಡೆದು ಹುಡುಕಿ. ನಕ್ಷತ್ರದ ಮುಂದೆ ಗ್ರಹ ಹಾದು ಹೋಗುವುದನ್ನು ಮೊದಲು ನೋಡಿದ್ದು ಇಲ್ಲೇ, 1999ರಲ್ಲಿ. ಈ ಗ್ರಹ ಗುರುವಿಗಿಂತ ತೂಕದಲ್ಲಿ ಕಮ್ಮಿ, ಗಾತ್ರದಲ್ಲಿ ಜಾಸ್ತಿ, ಪೂರಿ ಥರ ಉಬ್ಬಿಕೊಂಡಿದೆ. ಅಡ್ಡ ಬಂದಾಗ ಬೆಳಕು ಸುಮಾರು ಶೇಕಡಾ 1.5 ಕಮ್ಮಿಯಾಗುತ್ತದೆ. ನೂರು ಅಡಿಕೆಯಲ್ಲಿ ಒಂದೂವರೆ ಅಡಿಕೆ ತೆಗೆದರೆ ಗೊತ್ತಾಗುತ್ತದಾ? ಕಣ್ಣಿಗೆ ಗೊತ್ತಾಗುವುದಿಲ್ಲ, ತಕ್ಕಡಿಗೆ ಗೊತ್ತಾಗುತ್ತದೆ.

ಈಗ ಸಮಯ. ಇದರ ಸುತ್ತು 3.52 ದಿನ, ಎರಡು ಸುತ್ತಿಗೆ 7 ದಿನ 1 ಗಂಟೆ 11 ನಿಮಿಷ. ಅಂದರೆ ಸಂತೆ ಥರ ವಾರಕ್ಕೊಮ್ಮೆ ಅದೇ ದಿನ ಬರುತ್ತದೆ, ಆದರೆ ಪ್ರತಿ ವಾರ ಒಂದು ಗಂಟೆ ಮೇಲೆ ತಡ. ನಕ್ಷತ್ರ ಮಾತ್ರ ವಾರಕ್ಕೆ ಅರ್ಧ ಗಂಟೆ ಬೇಗ ಮುಳುಗುತ್ತಾ ಹೋಗುತ್ತದೆ. ಹಾಗಾಗಿ ಮಳೆ ಬಿಟ್ಟ ಮೇಲೆ ನಿಮಗೆ ಸಿಗುವುದು ಎರಡೋ ಮೂರೋ ವಾರ, ತಪ್ಪಿದರೆ ಮುಂದಿನ ವರ್ಷ. ಯಾವ ದಿನ ಎಷ್ಟೊತ್ತಿಗೆ ಅಂತ ನಾಸಾದ ಎಕ್ಸೋಪ್ಲಾನೆಟ್ ಆರ್ಕೈವ್ ಅನ್ನುವ ಜಾಲತಾಣ ಲೆಕ್ಕ ಹಾಕಿ ಕೊಡುತ್ತದೆ. ಅದು ಯುಟಿಸಿ, ಅಂದರೆ ವಿಶ್ವ ಸಮಯ, ನಮ್ಮ ಸಮಯಕ್ಕೆ ಐದೂವರೆ ಗಂಟೆ ಕೂಡಿಸಬೇಕು. ನಾನು ಮೊದಲ ಸಲ ಕೂಡಿಸಲಿಲ್ಲ. ಗ್ರಹ ಅಡ್ಡ ಬರುವ ಹೊತ್ತಿಗೆ ಕ್ಯಾಮೆರಾ ಒಳಗಿಟ್ಟು ಮಲಗಿದ್ದೆ.

ಕ್ಯಾಮೆರಾಗೆ 135 ಅಥವಾ 200 ಮಿಲಿಮೀಟರ್ ಲೆನ್ಸ್ ಸಾಕು. ನಕ್ಷತ್ರದ ಜೊತೆ ಕ್ಯಾಮೆರಾ ತಿರುಗಿಸುವ ಸ್ಟಾರ್ ಟ್ರ್ಯಾಕರ್ ಮಾತ್ರ ಬೇಕೇ ಬೇಕು, ಯಾರದಾದರೂ ಕೈಕಾಲು ಹಿಡಿದಾದರೂ ತನ್ನಿ. ರಾ (ಕಚ್ಚಾ) ಫೈಲ್‌ನಲ್ಲೇ ತೆಗೆಯಿರಿ, ಜೆಪೆಗ್ ಬೇಡ. ಫೋಕಸ್ ಬೇಕಂತಲೇ ಸ್ವಲ್ಪ ಕೆಡಿಸಿ. ಬೆಳಕು ಒಂದೇ ಪಿಕ್ಸೆಲ್‌ಗೆ ಬಿದ್ದು ಉಕ್ಕುವುದಕ್ಕಿಂತ ನಾಲ್ಕಾರು ಪಿಕ್ಸೆಲ್‌ಗೆ ಹರಡಿದರೆ ಅಳತೆ ಚೆನ್ನಾಗಿ ಬರುತ್ತದೆ. ಶುರುವಾಗುವ ಒಂದು ಗಂಟೆ ಮುಂಚಿನಿಂದ ಮುಗಿದ ಒಂದು ಗಂಟೆವರೆಗೆ ಬಿಡದೆ ತೆಗೆಯುತ್ತಲೇ ಇರಬೇಕು, ಏನನ್ನೂ ಬದಲಾಯಿಸಬಾರದು, ಮತ್ತೆ ಮನೆಯವರಿಗೆ ಮೊದಲೇ ಹೇಳಿಡಿ: ಅಡಿಕೆ ಸುಲಿಯಲು ಅಂಗಳದ ದೊಡ್ಡ ಲೈಟು ಹಾಕಿದರೆ ಕಥೆ ಮುಗಿಯಿತು.

ಮಲೆನಾಡಿನ ಅಸಲಿ ಶತ್ರು ಇಬ್ಬನಿ. ಎರಡನೇ ಸಲ ಬೆಳಿಗ್ಗೆ ಗ್ರಾಫ್ ತೆಗೆದರೆ ಗೆರೆ ಚೆಂದವಾಗಿ ಕೆಳಗಿಳಿದಿತ್ತು. ಕುಣಿದಾಡಿದೆ. ಆಮೇಲೆ ಪಕ್ಕದ ನಕ್ಷತ್ರ ಅಳೆದೆ, ಅದೂ ಇಳಿದಿತ್ತು. ಎಲ್ಲವೂ ಇಳಿದಿದ್ದವು. ಲೆನ್ಸ್ ಮೇಲೆ ನೀರು ಕೂತಿತ್ತು ಅಷ್ಟೇ.

ಇದಕ್ಕೆ ಮನೆಯಲ್ಲೇ ಮದ್ದಿದೆ, ಅಡಿಕೆ ಹಾಳೆ. ಒಂದು ಹಾಳೆಯನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಲೆನ್ಸ್ ಗಾತ್ರದ ಡಬ್ಬಿಗೆ ಸುತ್ತಿ ಹುರಿಯಲ್ಲಿ ಬಿಗಿದು, ಎರಡು ದಿನ ಬಿಸಿಲಿಗೆ ಇಡಿ. ಲೆನ್ಸ್ ಬಾಯಿಯಿಂದ ಮುಂದಕ್ಕೆ ಬಾಯಿಯ ಅಗಲದ ಎರಡರಷ್ಟು ಉದ್ದ ಚಾಚಿರಲಿ, ಒಳಗೆ ಕಪ್ಪು ಕಾಗದ ಅಂಟಿಸಿ. ಹಸಿ ಇರುವಾಗಲೇ ಹಾಕಿದರೆ ಅದೇ ಇಬ್ಬನಿ ಬರಿಸುತ್ತದೆ, ಪೂರ್ತಿ ಒಣಗಲಿ. ಅಂಗಡಿಯ ಪ್ಲಾಸ್ಟಿಕ್ ಹುಡ್‌ಗಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ಅಳೆಯಲು ಆಸ್ಟ್ರೋಇಮೇಜ್‌ಜೆ ಅನ್ನುವ ತಂತ್ರಾಂಶ ಸುಮ್ನೆ ಸಿಗುತ್ತದೆ, ದುಡ್ಡಿಲ್ಲ. ಹಸಿರು ಬಣ್ಣದ ಪಿಕ್ಸೆಲ್‌ಗಳನ್ನಷ್ಟೇ ತಗೊಂಡು, ನಮ್ಮ ನಕ್ಷತ್ರವನ್ನು ಅಕ್ಕಪಕ್ಕದ ಮೂರ್ನಾಲ್ಕು ನಕ್ಷತ್ರಗಳ ಜೊತೆ ಹೋಲಿಸಿ. ಅವು ತೂಕದ ಕಲ್ಲು ಇದ್ದ ಹಾಗೆ. ತೆಳು ಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ, ಗ್ರಹ ಬಂದರೆ ಒಂದೇ. ಒಂದೊಂದು ಫೋಟೋದ ಅಳತೆ ಎಗರಾಡುತ್ತದೆ, ಹತ್ತಿಪ್ಪತ್ತರ ಸರಾಸರಿ ಹಿಡಿದಾಗ ತಟ್ಟೆಯಂಥ ತಗ್ಗು ಕಾಣುತ್ತದೆ. ಚೆನ್ನಾಗಿ ಬಂದರೆ ನಾಸಾದ ಎಕ್ಸೋಪ್ಲಾನೆಟ್ ವಾಚ್ ಅನ್ನುವ ಯೋಜನೆಗೆ ಕಳಿಸಿ, ಹವ್ಯಾಸಿಗಳ ಅಳತೆಯನ್ನು ಅವರು ತಗೊಳ್ಳುತ್ತಾರೆ.

ನವೆಂಬರ್ ತಪ್ಪಿದವರು ಏಪ್ರಿಲ್‌ನಲ್ಲಿ ಸ್ವಾತಿ ನಕ್ಷತ್ರ ಹುಡುಕಿ. ರಾತ್ರಿ 10ಕ್ಕೆ ಪೂರ್ವದಲ್ಲಿ ಕೇಸರಿ ಬಣ್ಣಕ್ಕೆ ಹೊಳೆಯುತ್ತಿರುತ್ತದೆ. ಅದರಿಂದ ಪಶ್ಚಿಮಕ್ಕೆ, ಅಂದರೆ ಮೇಲಕ್ಕೆ, ಕೈ ಚಾಚಿ ಹಿಡಿದ ಒಂದು ಮುಷ್ಟಿಯೊಳಗೆ ಟೌ ಬೂಟಿಸ್ ಅನ್ನುವ ನಕ್ಷತ್ರ ಇದೆ. ಅದಕ್ಕೂ ಒಂದು ಬಿಸಿ ಗುರು, 3.3 ದಿನದ್ದು. ಅಡ್ಡ ಬರುವುದಿಲ್ಲವಾದ್ದರಿಂದ ಕ್ಯಾಮೆರಾ ಬೇಡ, ಚಾಪೆ ಸಾಕು.