ಹಳೇ ಕ್ರಯಪತ್ರದ ಊರು ಮ್ಯಾಪಿನಲ್ಲಿ ಸಿಗದಿದ್ದಾಗ: ನನ್ನ ಅನುಭವ

ತಾತನ ಕಾಲದ ಕ್ರಯಪತ್ರದಲ್ಲಿ 'ಚಿತ್ರದುರ್ಗ ಜಿಲ್ಲೆ, ಜಗಳೂರು ತಾಲ್ಲೂಕು' ಎಂದಿತ್ತು. ಗೂಗಲ್ ಮ್ಯಾಪ್ಸ್‌ನಲ್ಲಿ ಆ ಊರಿನ ಹೆಸರೇ ಇಲ್ಲ. ಇದಕ್ಕೆ ಎರಡು ಕಾರಣ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಜಗಳೂರು ಅದಕ್ಕೆ ಸೇರಿತು. ಹಾಗಾಗಿ ದಾವಣಗೆರೆಯಲ್ಲೇ ಹುಡುಕಬೇಕು. ಊರು ಬೇಚಿರಾಕ್ ಆಗಿದ್ದರೆ, ಅಂದರೆ ಜನವಸತಿ ಇಲ್ಲದಿದ್ದರೆ, ಗೂಗಲ್‌ನಲ್ಲಿ ಕಾಣದಿರಬಹುದು. ಆದರೆ ಕಂದಾಯ ದಾಖಲೆಯಲ್ಲಿ ಅದು ಗ್ರಾಮವಾಗಿಯೇ ಉಳಿದಿರುತ್ತದೆ.

ಸರ್ವೆ ನಂಬರಿನಿಂದ ಜಮೀನು ತೋರಿಸುವ, ಕರ್ನಾಟಕ ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಆರಿಸಿ ಸರ್ವೆ ನಂಬರ್ ಕೊಟ್ಟಾಗ ಜಾಗ ಸಿಕ್ಕಿತು. ಪೋಡಿಯಾದ, ಅಂದರೆ ಅಳತೆ ಮಾಡಿ ಭಾಗವಾದ, ಜಮೀನಾದರೆ ಹಳೇ 42 ಈಗ 42/1, 42/2 ಆಗಿರುತ್ತದೆ. ಮೂಲ ನಂಬರನ್ನಷ್ಟೇ ಹಾಕಿ.

ಮುಂದಿನದು ನಿಜವಾದ ಕೆಲಸ: ಹಳೇ ಊರು ಇದ್ದ ಜಾಗ ಗುರುತಿಸುವುದು. ಕಂದಾಯ ಇಲಾಖೆಯ ಗ್ರಾಮ ನಕಾಶೆಯ ಪಿಡಿಎಫ್ ಇಳಿಸಿಕೊಂಡು ಜೆಪಿಜಿ ಮಾಡಿ. ಕಂಪ್ಯೂಟರಿನ ಗೂಗಲ್ ಅರ್ಥ್ ಪ್ರೋದಲ್ಲಿ 'ಆ್ಯಡ್' ಮೆನುವಿನ 'ಇಮೇಜ್ ಓವರ್‌ಲೇ' ಮೂಲಕ ಸೇರಿಸಿ, ಕೆಳಗಿನ ನೆಲ ಕಾಣುವಷ್ಟು ಮಸುಕು ಮಾಡಿ. ಮೂಲೆ ಎಳೆಯುವಾಗ ಶಿಫ್ಟ್ ಒತ್ತಿಹಿಡಿಯಿರಿ, ಇಲ್ಲದಿದ್ದರೆ ಉದ್ದ-ಅಗಲದ ಪ್ರಮಾಣ ಕೆಡುತ್ತದೆ. ರಸ್ತೆಗೆ ಹೊಂದಿಸಬೇಡಿ, ನಕಾಶೆ ಬರೆದ ಮೇಲೆ ರಸ್ತೆ ಅಗಲವಾಗಿರುತ್ತದೆ, ತಿರುವು ನೇರವಾಗಿರುತ್ತದೆ. ಕೆರೆ ಏರಿಯ ಎರಡು ತುದಿ, ಹಳ್ಳಗಳು ಕೂಡುವ ಜಾಗ ಹೆಚ್ಚು ನಂಬಿಕೆಗೆ ಅರ್ಹ. ಏರಿ ಕೂತರೂ ಗಡಿ ಹೊಂದದಿದ್ದರೆ ನಕಾಶೆಯನ್ನು ತುಸು ತಿರುಗಿಸಿ.

ಆಮೇಲೆ ನಕಾಶೆಯಲ್ಲಿ ಗ್ರಾಮಠಾಣ ಹುಡುಕಿ: ಹಳೇ ಮನೆಗಳಿದ್ದ ಜಾಗ ಅದೇ. ಉಪಗ್ರಹ ಚಿತ್ರದಲ್ಲಿ ಅಲ್ಲಿ ಉಳುಮೆಯಾಗದ ದಿಬ್ಬ, ಹುಣಸೆಮರ, ಒಂಟಿ ಗುಡಿ ಇದ್ದರೆ ಪಿನ್ ಹಾಕಿ, ಕೆಎಂಎಲ್ (ಗುರುತಿಸಿದ ಜಾಗದ ಫೈಲ್) ಆಗಿ ಉಳಿಸಿ. ಕ್ರಯಪತ್ರದ ಚೆಕ್ಕುಬಂದಿಯೊಂದಿಗೆ (ಜಮೀನಿನ ಸುತ್ತಲಿನ ಗಡಿ ವಿವರ) ನಾಲ್ಕೂ ದಿಕ್ಕು ತಾಳೆ ನೋಡದೆ ಮನೆಯವರಿಗೆ ಕಳಿಸಬೇಡಿ.