ಕೀಸುಳಿ ತಳ್ಳುವ ಮೊದಲು ಎಳೆ ನೋಡಿ: ನನ್ನ ಅನುಭವ

ತೇಗದ ಹಲಗೆ. ಮೇಲಿನ ಗೆರೆಗಳು ನೂಲು ಹಿಡಿದ ಹಾಗೆ ನೆಟ್ಟಗಿದ್ದವು. ಇದಕ್ಕೆ ಯಾವ ದಿಕ್ಕಾದರೇನು ಅಂತ ಸುಮ್ನೆ ಕೀಸುಳಿ (ಮರದ ಮೇಲ್ಮೈ ಹೆರೆದು ನುಣುಪು ಮಾಡುವ ಉಪಕರಣ) ತಳ್ಳಿದೆ. ಕರಕರ ಅಂತು. ನೋಡಿದರೆ ಅಲ್ಲಲ್ಲಿ ಎಳೆ, ಅಂದರೆ ಮರದ ನಾರು, ಕಿತ್ತು ಬಂದು ಗುಳಿ ಬಿದ್ದಿತ್ತು. ಅಲಗು ಮೊಂಡಾಗಿರಬೇಕು ಅಂತ ಮಸೆದು ಮತ್ತೆ ತಳ್ಳಿದೆ. ಗುಳಿ ಇನ್ನೂ ಆಳವಾಯಿತು.

ನಾನು ನೋಡಿದ ಜಾಗವೇ ತಪ್ಪಾಗಿತ್ತು. ಕೀಸುವ ಮುಖವನ್ನೇ ದಿಟ್ಟಿಸಿದರೆ ಎಳೆ ಮೇಲಕ್ಕೆ ಏಳುತ್ತಿದೆಯೋ ಒಳಕ್ಕೆ ಇಳಿಯುತ್ತಿದೆಯೋ ಕಾಣುವುದಿಲ್ಲ. ಪಕ್ಕದ ಅಂಚು ನೋಡಬೇಕು. ಅಲ್ಲೂ ಒಂದು ಮೋಸವಿದೆ. ಕಣ್ಣಿಗೆ ಮೊದಲು ಬೀಳುವುದು ಬೆಳವಣಿಗೆಯ ಉಂಗುರದ ಗೆರೆ. ಅದೇ ಎಳೆ ಅಲ್ಲ. ಮರ ತಿರುಚಿಕೊಂಡು ಬೆಳೆದಿದ್ದರೆ ಎರಡೂ ಬೇರೆ ಬೇರೆ ದಾರಿ ಹಿಡಿದಿರುತ್ತವೆ. ನಂಬಬೇಕಾದ್ದು ಸೂಜಿಯಿಂದ ಗೀರಿದಂತೆ ಕಾಣುವ ರಂಧ್ರಗಳ ಸಣ್ಣ ಗೀಟುಗಳನ್ನು. ದೀಪವನ್ನು ಓರೆಯಾಗಿ ಹಿಡಿದರೆ ಚೆನ್ನಾಗಿ ಕಾಣುತ್ತವೆ. ನನ್ನ ಹಲಗೆಯ ಅಂಚಿನಲ್ಲಿ ಅವು ಸ್ಪಷ್ಟವಾಗಿ ಓರೆಯಾಗಿದ್ದವು.

ಕೀಸುಳಿ ಹೋಗುವ ಕಡೆಗೆ ಗೀಟುಗಳು ಮೇಲ್ಮುಖವಾಗಿ ಏರುತ್ತಿರಬೇಕು. ಆಗ ಅಲಗಿನ ಮುಂದೆ ಸೀಳು ಬಿಟ್ಟರೂ ಅದು ಮೇಲೆ ಬಂದು ಮುಗಿಯುತ್ತದೆ. ಉಲ್ಟಾ ತಳ್ಳಿದರೆ ಸೀಳು ಮರದ ಒಳಕ್ಕೆ ಓಡುತ್ತದೆ, ಅಲಗು ಅದನ್ನು ಕಿತ್ತು ಎತ್ತುತ್ತದೆ. ಹಲಗೆಯ ಈ ತುದಿಯನ್ನು ಆ ಕಡೆಗೆ ತಿರುಗಿಸಿ ಇಟ್ಟು ತಳ್ಳಿದೆ. ಕರಕರ ಹೋಗಿ ಸರ್ ಅನ್ನೋ ಸದ್ದು ಬಂತು, ಉದ್ದ ಸುರುಳಿ ಎದ್ದಿತು. ಈಗಲೂ ಕಣ್ಣಿಗಿಂತ ಕಿವಿಗೇ ಬೇಗ ಗೊತ್ತಾಗುತ್ತದೆ.

ಗಂಟಿನ ಹತ್ತಿರ ಎಳೆ ಎದ್ದು ಮತ್ತೆ ಇಳಿಯುತ್ತದೆ. ಅಲ್ಲಿ ಎರಡೂ ಕಡೆಯಿಂದ ಗಂಟಿನತ್ತಲೇ ತಳ್ಳುತ್ತೇನೆ. ಬೀಟೆಯಂಥ ಮರದ ಕಥೆಯೇ ಬೇರೆ. ಅದರಲ್ಲಿ ಎಷ್ಟೋ ಸಲ ಪಟ್ಟೆ ಪಟ್ಟೆಯಾಗಿ ಎಳೆಯ ದಿಕ್ಕು ಬದಲಾಗುತ್ತದೆ, ಒಂದಕ್ಕೆ ಸರಿಯಾದದ್ದು ಪಕ್ಕದ್ದಕ್ಕೆ ಉಲ್ಟಾ. ಅಲ್ಲಿ ದಿಕ್ಕು ಹುಡುಕುವುದನ್ನೇ ಬಿಟ್ಟಿದ್ದೇನೆ. ಅಲಗನ್ನು ಚೆನ್ನಾಗಿ ಮಸೆದು, ಅಲಗಿನ ಮೇಲೆ ಕೂರುವ ಕಬ್ಬಿಣದ ಪಟ್ಟಿಯನ್ನು ಅಲಗಿನ ತುದಿಗೆ ಕೂದಲೆಳೆಯಷ್ಟು ಹತ್ತಿರ ತಂದು, ತೆಳ್ಳಗೆ ತೆಗೆಯುತ್ತೇನೆ. ಉಳಿದದ್ದು ಸ್ಕ್ರೇಪರ್‌ಗೆ, ಅಂದರೆ ಮರ ಹೆರೆಯುವ ತೆಳು ಉಕ್ಕಿನ ತಗಡಿಗೆ.

ದಿಕ್ಕು ಸಿಕ್ಕ ಕೂಡಲೇ ಪೆನ್ಸಿಲ್‌ನಲ್ಲಿ ಬಾಣ ಹಾಕಿಬಿಡುತ್ತೇನೆ. ಹಲಗೆಗಳನ್ನು ಅಂಟಿಸುವಾಗ ಎಲ್ಲ ಬಾಣಗಳೂ ಒಂದೇ ಕಡೆ ನೋಡುವಂತೆ ಜೋಡಿಸುತ್ತೇನೆ. ಇಲ್ಲದಿದ್ದರೆ ಆಮೇಲೆ ಕೀಸುವಾಗ ಅಳುವುದೊಂದೇ ಬಾಕಿ.

ಆ ತೇಗದ ಹಲಗೆ ಈಗ ಟೀಪಾಯಿಯಾಗಿದೆ. ಗುಳಿ ಬಿದ್ದ ಮುಖ ಕೆಳಗಡೆ ಇದೆ.