ಸೀರೆ ಒಂದು, ರವಿಕೆ ಎರಡು

ಬೆಂಗಳೂರಲ್ಲಿ ದಾಖಲಾದ ಅತಿ ಹೆಚ್ಚು ಉಷ್ಣಾಂಶ 39.2 ಡಿಗ್ರಿ. 2016ರ ಏಪ್ರಿಲ್ 24, ಭಾನುವಾರ. ಆ ದಿನ ನಾನು ಜಾರ್ಜೆಟ್ ಸೀರೆ ಉಟ್ಟು ಒಂದು ಮುಂಜಿಗೆ ಹೋಗಿದ್ದೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತೇನೆ. ಆದರೆ ಊಟದ ಪಂಕ್ತಿಯಲ್ಲಿ ಕೂತಾಗ ಸೀರೆ ತೊಡೆಗೆ ಅಂಟಿಕೊಂಡು, ಒಳಲಂಗದ ಸ್ಯಾಟಿನ್ ಬೆವರಿಗೆ ಜಾರಿ, ಎದ್ದು ನಿಲ್ಲೋಕೇ ಹೆದರಿಕೆಯಾಗಿತ್ತು. ಹೋಳಿಗೆ ಬಡಿಸುವವರು ಎರಡನೇ ಸಲ ಬಂದರೂ ಬೇಡ ಅಂದೆ. ಹೋಳಿಗೆ ಬೇಡ ಅಂದದ್ದು ನನ್ನ ಜೀವನದಲ್ಲಿ ಅದೊಂದೇ ಸಲ.

ಅಲ್ಲಿಂದ ಶುರುವಾಯಿತು ನನ್ನ ಪ್ರಯೋಗ. ಬೇಸಿಗೆ, ಅದರಲ್ಲೂ ಶನಿವಾರ ಭಾನುವಾರ, ಒಂದೇ ದಿನ ಮೂರು ಕಡೆ ಹೋಗಬೇಕು. ಎಲ್ಲಾ ಕಡೆಯೂ ಚೆನ್ನಾಗಿ ಕಾಣಬೇಕು. ಮನೆ ಕೆಂಗೇರಿಯಲ್ಲಿ. ನಡುವೆ ಮನೆಗೆ ಬಂದು ಬಟ್ಟೆ ಬದಲಿಸೋದು ಅಂದರೆ ಅರ್ಧ ದಿನ ಹೋಯಿತು ಅಂತಲೇ ಲೆಕ್ಕ. ಒಂದು ಸಲ ಆ ಸಾಹಸವನ್ನೂ ಮಾಡಿದೆ. ಸಂಜೆ ಜೆಪಿ ನಗರದ ರಂಗಶಂಕರದಲ್ಲಿ ನಾಟಕ ಇತ್ತು. ಮಧ್ಯಾಹ್ನ ಮಲ್ಲೇಶ್ವರದಿಂದ ಮನೆಗೆ ಬಂದು, ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಮತ್ತೆ ಹೊರಟೆ. ಅಲ್ಲಿಗೆ ತಲುಪಿದಾಗ ಏಳು ಮುಕ್ಕಾಲು. ಅಲ್ಲಿ ಏಳೂವರೆ ಅಂದರೆ ಏಳೂವರೆ, ಆಮೇಲೆ ಬಾಗಿಲು ತೆಗೆಯಲ್ಲ. ಒಳ್ಳೆ ನಿಯಮವೇ. ತಪ್ಪು ನನ್ನದೇ. ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಹೊರಗೆ ಕೂತು ಕಾಫಿ ಕುಡಿದು ಬಂದೆ.

ಈಗ ಬೆಳಿಗ್ಗೆ ಉಟ್ಟ ಸೀರೆ ರಾತ್ರಿ ಮನೆಗೆ ಬಂದ ಮೇಲೇ ಬಿಚ್ಚೋದು. ಬದಲಾಗೋದು ರವಿಕೆ ಮಾತ್ರ. ಇದು ಹೇಗೆ ನಡೆಯುತ್ತೆ ಅನ್ನೋದಕ್ಕೆ ಮೊನ್ನೆ ವೈಶಾಖದ ಶನಿವಾರವನ್ನೇ ಹೇಳುತ್ತೇನೆ. ಬೆಳಿಗ್ಗೆ ಮಲ್ಲೇಶ್ವರದಲ್ಲಿ ಗೃಹಪ್ರವೇಶ. ಮಧ್ಯಾಹ್ನ ಚಿಕ್ಕಪೇಟೆಯಲ್ಲಿ ಖರೀದಿ. ಸಂಜೆ ನಾಟಕ.

ಸೀರೆ ಉಡುಪಿಯದು. ಕೈಮಗ್ಗದ ಹತ್ತಿ, 80 ಕೌಂಟಿನ ನೂಲು. ಕೌಂಟ್ ಅಂಕಿ ಹೆಚ್ಚಾದಷ್ಟೂ ನೂಲು ಸಣ್ಣ ಅನ್ನೋದು ನನಗೆ ಬಹಳ ವರ್ಷ ಗೊತ್ತೇ ಇರಲಿಲ್ಲ. 40 ಕೌಂಟಿನದು ಗಟ್ಟಿಮುಟ್ಟು, ದಿನಬಳಕೆಗೆ ಸರಿ. 80 ಕೌಂಟಿನದು ಮಡಚಿದರೆ ಒಂದು ಟವೆಲ್‌ನಷ್ಟು ಹಗುರ. ಈ ಸೀರೆಗಳಿಗೆ 2016ರಲ್ಲಿ ಜಿಐ, ಅಂದರೆ ಇದು ಇಂಥ ಊರಿನದೇ ಅನ್ನೋ ಭೌಗೋಳಿಕ ಗುರುತು ಸಿಕ್ಕಿತು. ಕಿನ್ನಿಗೋಳಿ ಕಡೆ ಹೋದಾಗ ನೇಕಾರರ ಸಂಘದಲ್ಲೇ ಕೊಂಡದ್ದು. ಎಲೆಹಸಿರು ಮೈ, ಅರಿಶಿನದ ಬಣ್ಣದ ಅಂಚು. ಅಂಚಿನ ಬಣ್ಣ ಬೇಕೆಂತಲೇ ಆರಿಸಿದೆ. ಗೃಹಪ್ರವೇಶಕ್ಕೆ ಹೋದರೆ ಎಲ್ಲೋ ಒಂದು ಕಡೆ ಅರಿಶಿನ ಮೆತ್ತಿಕೊಳ್ಳೋದು ಖಂಡಿತ ಅಲ್ವಾ?

ಹೊರಡುವಾಗ ಅತ್ತೆ ನೋಡಿದರು.

"ಗೃಹಪ್ರವೇಶಕ್ಕೆ ಕಾಟನ್ನಾ? ರೇಷ್ಮೆ ಉಡಬಾರದಾ?"

"ರವಿಕೆ ನೋಡಿ ಅತ್ತೆ," ಅಂದೆ.

ರವಿಕೆ ಗುಳೇದಗುಡ್ಡದ ಖಣದ್ದು. ಖಣ ಅಂದರೆ ರವಿಕೆಗೇ ಅಂತ ನೇಯುವ ಬಟ್ಟೆ. ಅದರಲ್ಲಿ ಹಾಸು, ಅಂದರೆ ಉದ್ದದ ಎಳೆ, ರೇಷ್ಮೆ; ಹೊಕ್ಕು, ಅಂದರೆ ಅಡ್ಡ ಎಳೆ, ಹತ್ತಿ. ಅದರ ಹೊಳಪೇ ಸಾಕು, ಹತ್ತಿ ಸೀರೆಯೂ ಹಬ್ಬದ ಸೀರೆಯಾಗುತ್ತೆ. ಅತ್ತೆ ಸೆರಗು ಸರಿಸಿ ನೋಡಿ ಸುಮ್ಮನಾದರು. ಸುಮ್ಮನಾದರು ಅಂದರೆ ಒಪ್ಪಿದರು ಅಂತ ಅರ್ಥ. ಆದರೆ ಖಣ ದಪ್ಪ. ಬೆಳಿಗ್ಗೆ ಏಳರಿಂದ ಹತ್ತೂವರೆವರೆಗೆ ಪರವಾಗಿಲ್ಲ, ಬೆಂಗಳೂರಿನ ಬೇಸಿಗೆ ಬೆಳಗು ಅಷ್ಟೇನೂ ಕಾಡಲ್ಲ. ಹನ್ನೊಂದರ ಮೇಲೆ ಅದನ್ನು ತೊಟ್ಟು ಚಿಕ್ಕಪೇಟೆಗೆ ಹೋದರೆ ಬೆಂದ ಹಾಗೇ.

ಅದಕ್ಕೇ ಎರಡನೇ ರವಿಕೆ. ತೆಳ್ಳಗಿನ ಹತ್ತಿಯದು, ಬಿಳಿ ಮೇಲೆ ಸಣ್ಣ ಕಪ್ಪು ಹೂವಿನ ಅಚ್ಚು. ಬೆವರಿನ ಕಲೆ ಅತಿ ಹೆಚ್ಚು ಕಾಣೋದು ಬೂದು ಮತ್ತು ತಿಳಿನೀಲಿ ಬಟ್ಟೆಯಲ್ಲಿ. ಅಚ್ಚು ಇರುವ ಬಟ್ಟೆಯಲ್ಲಿ ಗೊತ್ತೇ ಆಗಲ್ಲ. ಗೃಹಪ್ರವೇಶದ ಊಟ ಮುಗಿದ ಮೇಲೆ ಅವರ ಮನೆಯ ಒಳಕೋಣೆಯಲ್ಲಿ ಬದಲಿಸಿಕೊಂಡೆ. ಸೆರಗಿನ ಪಿನ್ನು ತೆಗೆದರೆ ಸಾಕು, ನೆರಿಗೆ ಮುಟ್ಟಬೇಕಾಗಿಲ್ಲ. ಐದು ನಿಮಿಷದ ಕೆಲಸ. ಖಣದ ರವಿಕೆಯನ್ನು ಅಲ್ಲೇ ಫ್ಯಾನಿನ ಕೆಳಗೆ ಸ್ವಲ್ಪ ಹೊತ್ತು ಹರವಿ, ಆರಿದ ಮೇಲೆ ಬಟ್ಟೆ ಚೀಲಕ್ಕೆ ಹಾಕಿದೆ. ಪ್ಲಾಸ್ಟಿಕ್ ಕವರಲ್ಲಿ ಮಾತ್ರ ಹಾಕಬೇಡಿ. ಸಂಜೆ ತೆಗೆದಾಗ ವಾಸನೆ ಬರುತ್ತೆ.

ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಕೆಡೋದು ಒಳಗಿನ ಲೈನಿಂಗ್‌ನಿಂದ. ನಾವು ಕೇಳದಿದ್ದರೆ ಟೈಲರ್‌ಗಳು ಹೆಚ್ಚಾಗಿ ಪಾಲಿಯೆಸ್ಟರ್ ಬೆರೆತ ಲೈನಿಂಗ್ ಹಾಕುತ್ತಾರೆ. ಹೊರಗೆ ಹತ್ತಿ, ಒಳಗೆ ಪ್ಲಾಸ್ಟಿಕ್ ಇದ್ದ ಹಾಗೆ. ನಾನು ಮಲ್ ಅನ್ನೋ ತೆಳು ಹತ್ತಿ ಬಟ್ಟೆಯನ್ನು ನಾನೇ ತಂದು ಕೊಡುತ್ತೇನೆ. ಕಂಕುಳ ಹತ್ತಿರ ಅರ್ಧ ಇಂಚು ಸಡಿಲ ಬಿಡಿಸುತ್ತೇನೆ. ತೋಳು ಮೊಣಕೈವರೆಗೆ. ಗಿಡ್ಡ ತೋಳೇ ತಂಪು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ, ಬಿಸಿಲಲ್ಲಿ ನಡೆಯುವವರಿಗೆ ಅದು ನಿಜವಲ್ಲ. ಚರ್ಮದ ಮೇಲೆ ತೆಳು ಬಟ್ಟೆ ಇದ್ದರೇ ಹಾಯಿ.

ಒಳಲಂಗವೂ ಹತ್ತಿಯದೇ. ಈಗ ಮೈಗೆ ಬಿಗಿಯಾಗಿ ಕೂರುವ ಲಂಗ ಬಂದಿದೆ, ಸೀರೆ ಚೆನ್ನಾಗಿ ಕೂರುತ್ತೆ ನಿಜ. ಆದರೆ ಅದನ್ನು ಹಾಕಿಕೊಂಡು ಮೆಜೆಸ್ಟಿಕ್ ನಿಲ್ದಾಣದಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಮೆಟ್ಟಿಲು ಹತ್ತಿ ಇಳಿದು ನೋಡಿ, ಆಮೇಲೆ ಮಾತಾಡೋಣ. ನನ್ನ ಲಂಗಕ್ಕೆ ಬಲಗಡೆ ಒಂದು ಜೇಬು ಇದೆ. ಮೊದಲ ಸಲ ಕೇಳಿದಾಗ ಟೈಲರ್ ನಕ್ಕಿದ್ದರು.

"ಮೇಡಂ, ಲಂಗಕ್ಕೆ ಜೇಬಾ?"

"ಹೌದು, ಮೆಟ್ರೊ ಕಾರ್ಡ್ ಹಿಡಿಸುವಷ್ಟು."

ಈಗ ಅವರ ಹೆಂಡತಿಯೂ ಹಾಕಿಸಿಕೊಂಡಿದ್ದಾರಂತೆ.

ಇನ್ನು ಗಂಜಿ. ಹತ್ತಿ ಸೀರೆಯ ಅಂದ ಇರೋದೇ ಇದರಲ್ಲಿ, ಕೆಡೋದೂ ಇದರಲ್ಲೇ. ಗಂಜಿ ಜಾಸ್ತಿಯಾದರೆ ಸೀರೆ ಹಪ್ಪಳದ ಹಾಗೆ ನಿಲ್ಲುತ್ತೆ, ಗಾಳಿಯೂ ಆಡಲ್ಲ. ಹಾಕದೇ ಇದ್ದರೆ ಮಧ್ಯಾಹ್ನಕ್ಕೆ ಬಾಡಿದ ಸೊಪ್ಪು. ನಾನು ಅನ್ನ ಬಸಿದ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ, ಒಂದು ಲೋಟಕ್ಕೆ ಅರ್ಧ ಬಕೆಟ್ ನೀರು ಬೆರೆಸುತ್ತೇನೆ. ಸೀರೆಯನ್ನು ಮೊದಲೇ ಒದ್ದೆ ಮಾಡಿಕೊಂಡು ಅದ್ದಬೇಕು. ಒಣಗಿದ ಸೀರೆ ಅದ್ದಿದರೆ ಒಂದು ಕಡೆ ಗಂಜಿ ಕೂತು ಬಿಳಿ ಪಟ್ಟೆ ಬೀಳುತ್ತೆ. ಹಿಂಡದೆ, ಕೈಯಲ್ಲಿ ಒತ್ತಿ ನೀರು ತೆಗೆದು ನೆರಳಲ್ಲಿ ಹರವಬೇಕು. ಇನ್ನೂ ಸ್ವಲ್ಪ ತೇವ ಇರುವಾಗ ಮಗಳು ಆ ತುದಿ, ನಾನು ಈ ತುದಿ ಹಿಡಿದು ಎಳೆಯುತ್ತೇವೆ. ಹೀಗೆ ಎಳೆದ ಸೀರೆಗೆ ಇಸ್ತ್ರಿ ಅಂಗಡಿಯವರು ಅರ್ಧ ಹೊತ್ತಲ್ಲೇ ಇಸ್ತ್ರಿ ಮುಗಿಸುತ್ತಾರೆ. ದುಡ್ಡು ಮಾತ್ರ ಪೂರ್ತಿ ತಗೋತಾರೆ.

ಉಡುವ ಮುಂಚೆ ಚಪ್ಪಲಿ ಮೆಟ್ಟಿ ನಿಲ್ಲುತ್ತೇನೆ. ಅಂಚು ನೆಲದಿಂದ ಒಂದು ಇಂಚು ಮೇಲೆ ಇರಬೇಕು. ಎಸ್ಕಲೇಟರ್‌ಗೆ ಸಿಕ್ಕಿಕೊಳ್ಳೋ ಭಯ ಇಲ್ಲ, ಚಿಕ್ಕಪೇಟೆಯ ನೆಲ ಗುಡಿಸುವ ಕೆಲಸವೂ ಇಲ್ಲ. ನೆರಿಗೆ ಏಳರ ಬದಲು ಐದು.

ಚಪ್ಪಲಿಯ ವಿಷಯದಲ್ಲಿ ನನ್ನದು ಹಟ. ಬಕಲ್ ಇರುವುದು ಬೇಡವೇ ಬೇಡ. ಗೃಹಪ್ರವೇಶದಲ್ಲಿ ಬಾಗಿಲಲ್ಲೇ ಬಿಡಬೇಕು. ಚಿಕ್ಕಪೇಟೆಯ ಹಳೆ ಸೀರೆ ಅಂಗಡಿಗಳಲ್ಲೂ ಬಿಳಿ ಗಾದಿಯ ಮೇಲೆ ಕೂತು ನೋಡಬೇಕು, ಅಲ್ಲೂ ಬಿಡಬೇಕು. ಪ್ರತಿ ಸಲ ಬಗ್ಗಿ ಬಕಲ್ ಹಾಕುತ್ತಾ ಕೂತರೆ ನೆರಿಗೆ ಕಥೆ ಮುಗಿಯಿತು. ನಾನು ಮೆಟ್ಟೋದು ಕೊಲ್ಹಾಪುರಿ. ಹೆಸರು ಕೊಲ್ಹಾಪುರದ್ದಾದರೂ ನನ್ನದು ಅಥಣಿಯಲ್ಲಿ ಹೊಲಿದದ್ದು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳಿಗೂ ಅದರ ಜಿಐ ಹಕ್ಕಿದೆ. ಹೊಸದರಲ್ಲಿ ಕಚ್ಚುತ್ತೆ. ಎಣ್ಣೆ ಸವರಿ, ಎರಡು ವಾರ ಮನೆಯೊಳಗೆ ಮೆಟ್ಟಿ ಆಮೇಲೇ ಹೊರಗೆ ತೆಗೆದೆ.

ಬೆಳ್ಳಿ ಬಣ್ಣದ ದಪ್ಪ ಸರ ಈಗ ಎಲ್ಲರ ಕುತ್ತಿಗೆಯಲ್ಲೂ ಇದೆ. ಬಿಸಿಲಲ್ಲಿ ಅದು ಕಾದು ಕುತ್ತಿಗೆ ಕೆಂಪಾಗುತ್ತೆ. ಹಗಲು ನನ್ನದು ತಾಳಿ, ಚಿಕ್ಕ ಓಲೆ, ಅಷ್ಟೇ. ಜುಮುಕಿ ಒಂದು ಹಳೆ ಕುಂಕುಮದ ಡಬ್ಬಿಯಲ್ಲಿ ಸಂಜೆಗೆ ಕಾಯುತ್ತಿರುತ್ತೆ. ಹೂವಿನದು ಮಾತ್ರ ನನ್ನ ಒಂದು ಉಪಾಯ. ಬೇಸಿಗೆ ಅಂದರೆ ಮಲ್ಲಿಗೆ ಕಾಲ. ಬೆಳಿಗ್ಗೆ ಮಲ್ಲೇಶ್ವರದ ಎಂಟನೇ ಕ್ರಾಸಲ್ಲಿ ಎರಡು ಮೊಳ ಬಿಗಿ ಮೊಗ್ಗು ಕೊಂಡು, ಅರ್ಧ ಮೊಳ ಮಾತ್ರ ಆಗ ಮುಡಿದೆ. ಉಳಿದದ್ದನ್ನು ನೀರು ಚಿಮುಕಿಸಿ ಬಾಳೆ ಎಲೆಯಲ್ಲಿ ಸುತ್ತಿ, ಚೀಲದಲ್ಲಿ ಎಲ್ಲದರ ಮೇಲೆ ಇಟ್ಟೆ.

ಚಿಕ್ಕಪೇಟೆಯಲ್ಲಿ ಎರಡೂವರೆ ಗಂಟೆ ಸುತ್ತಿದೆ. ಬೆವರಿದೆ. ಬೆವರಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹತ್ತಿ ಬೆವರು ತಡೆಯಲ್ಲ, ಕುಡಿದುಕೊಳ್ಳುತ್ತೆ, ಆಮೇಲೆ ಆರುತ್ತೆ. ಆರೋಕೆ ಗಾಳಿ ಬೇಕು, ಆ ಗಲ್ಲಿಗಳಲ್ಲಿ ಗಾಳಿ ಎಲ್ಲಿಂದ ಬರಬೇಕು?

ನಾಲ್ಕೂವರೆಗೆ ಆಕಾಶ ಕಪ್ಪಾಯಿತು. ಭರಣಿ ಮಳೆ. ಸೌತ್ ಎಂಡ್ ವೃತ್ತದ ಹತ್ತಿರ ಮೆಟ್ರೊ ಇಳಿದು ಹೊರಗೆ ಬರುವಷ್ಟರಲ್ಲಿ ಹಿಡಿಯಿತು. ಇಲ್ಲಿ ನನ್ನ ಲೆಕ್ಕ ತಪ್ಪಿತು. ಕೊಡೆ ಇತ್ತು, ತಲೆ ಉಳಿಯಿತು. ಆದರೆ ಮೊಣಕಾಲಿನ ಕೆಳಗೆ ಸೀರೆ ಪೂರ್ತಿ ಒದ್ದೆ, ಗಂಜಿ ಅಲ್ಲಿಗೆ ಖಲಾಸ್. ಹತ್ತಿಗೆ ಇದೊಂದು ದೊಡ್ಡ ಕೊರತೆ, ಮುಚ್ಚಿಡೋದು ಯಾಕೆ? ಜಾರ್ಜೆಟ್ ಆಗಿದ್ದರೆ ಕೊಡವಿ ನಡೆಯಬಹುದಿತ್ತು. ಕೊಲ್ಹಾಪುರಿಯನ್ನು ಮಾತ್ರ ಮೊದಲ ಹನಿಗೇ ಕಳಚಿ ಚೀಲಕ್ಕೆ ಹಾಕಿ, ರಬ್ಬರ್ ಚಪ್ಪಲಿ ಮೆಟ್ಟಿದ್ದೆ. ಏಪ್ರಿಲ್ ಮೇ ತಿಂಗಳಲ್ಲಿ ಅದಿಲ್ಲದೆ ನಾನು ಹೊರಡಲ್ಲ. ನೆನೆದ ಚರ್ಮ ಒಣಗಿದ ಮೇಲೆ ಸೊಟ್ಟಗಾಗುತ್ತೆ, ಒಂದು ಜೊತೆ ಹಾಗೇ ಕಳಕೊಂಡಿದ್ದೇನೆ.

ಒಂದು ದರ್ಶಿನಿಯಲ್ಲಿ ಫ್ಯಾನಿನ ಕೆಳಗೆ ನಿಂತು ಎರಡು ಕಾಫಿ ಕುಡಿದೆ. ಮುಕ್ಕಾಲು ಗಂಟೆಯಲ್ಲಿ ಅಂಚು ಒಣಗಿತು. 80 ಕೌಂಟಿನ ಪುಣ್ಯ. ಒಣಗಿತು, ಆದರೆ ಮುದುಡಿತ್ತು.

ಆರೂಮುಕ್ಕಾಲಿಗೆ ರಂಗಶಂಕರದಲ್ಲಿದ್ದೆ. ಕೈಕಾಲು ಮುಖ ತೊಳೆದು, ಮತ್ತೆ ಖಣದ ರವಿಕೆ ತೊಟ್ಟೆ. ಮುದುಡಿದ ಜಾಗ ಒಳಗೆ ಹೋಗುವ ಹಾಗೆ ನೆರಿಗೆ ಹೊಸದಾಗಿ ಹಿಡಿದೆ. ಸೆರಗನ್ನು ಬೆಳಿಗ್ಗೆ ಪಿನ್ನು ಮಾಡಿದ್ದೆ, ಈಗ ಇಳಿಬಿಟ್ಟೆ. ಜುಮುಕಿ, ಹೂವು. ಮೊಗ್ಗು ಅರೆಬಿರಿದಿತ್ತು. ಎಸಿ ಹಾಕಿದ ಯಾವ ಸಭಾಂಗಣದಲ್ಲಾದರೂ ಬೆವರಿದ ತೆಳು ರವಿಕೆಯಲ್ಲಿ ಕೂತರೆ ಅರ್ಧ ಗಂಟೆಗೆ ಸೀನು ಶುರು. ಒಣಗಿದ, ದಪ್ಪನೆಯ ಖಣಕ್ಕೆ ಆಗ ಬೆಲೆ ಗೊತ್ತಾಗುತ್ತೆ. ಬೆಳಿಗ್ಗೆ ಗೃಹಪ್ರವೇಶದಲ್ಲಿ ಸಿಕ್ಕಿದ್ದ ಒಬ್ಬ ಗೆಳತಿ ನಾಟಕಕ್ಕೂ ಬಂದಿದ್ದಳು. "ಮನೆಗೆ ಹೋಗಿ ಬಂದ್ಯಾ?" ಅಂತ ಕೇಳಿದಳು. ನಾನು ಚೀಲ ತೋರಿಸಿದೆ.

ಭಾನುವಾರದ್ದು ಹೇಳೋಕೆ ಜಾಸ್ತಿ ಏನಿಲ್ಲ. ಬೆಳಿಗ್ಗೆ ಲಾಲ್‌ಬಾಗ್, ಸಂಜೆ ವಿವಿ ಪುರಂ ತಿಂಡಿ ಬೀದಿ. ನಿಂತು ತಿನ್ನುವ ಜಾಗಕ್ಕೆ ತುಪ್ಪ, ಚಟ್ನಿ ಬಿದ್ದರೂ ಕಾಣದ ಕಡುನೀಲಿ ಅಜ್ರಖ್ ಅಚ್ಚಿನ ಕುರ್ತಾ, ಅಗಲ ಹತ್ತಿ ಪ್ಯಾಂಟು. ಮಗಳು ನನ್ನ ಹರಿದ ಇಳಕಲ್ ಸೀರೆಯ ಸೆರಗನ್ನು ಜಾಕೆಟ್ ಮಾಡಿಸಿಕೊಂಡಿದ್ದಾಳೆ. ಅದನ್ನು ಹಾಕಿಕೊಂಡು ಬಂದಳು, ನನಗಿಂತ ಚೆನ್ನಾಗಿ ಕಾಣುತ್ತಿದ್ದಳು.

ರಾತ್ರಿ ಉಡುಪಿ ಸೀರೆ ನೆನೆಹಾಕಿದೆ. ಅಂಚಿನಲ್ಲಿ ಸಾರಿನ ಒಂದು ಕಲೆ ಹೋಗಲಿಲ್ಲ. ಬರುವ ಶನಿವಾರ ಯಲಹಂಕದಲ್ಲಿ ನಾಮಕರಣ. ಅಲ್ಲಿಗೆ ಮೆಟ್ರೊ ಇಲ್ಲ, ಸ್ಕೂಟರಲ್ಲೇ ಹೋಗಬೇಕು. ಹಾಗಾದರೆ ಸೀರೆ ಬೇಡ, ಚೂಡಿದಾರ್.